ಹೊಟ್ಟೆ ಒಡೆದ ರಕಾರ

ಸ್ಮಶಾನಕ್ಕೆ ಹೋಗುವ ಚಟ ನನಗೆ ಎಂಟನೆಯ ವಯಸ್ಸಿನಿಂದ ಇದೆ. ಮಕ್ಕಳು ನಗುತ್ತಾರೆ, ನಗಲಿ. ಬೇರೆ ಮುದುಕಿಯರು ತೀರ್ಥಯಾತ್ರೆ ಮಾಡಿದರೆ ನಾನು ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಹಳೆಯ ಗೋರಿಗಳ ನಡುವೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತೇನೆ. ಸತ್ತವರು ಯಾರೆಂದು ಆಮೇಲೆ ನೋಡುತ್ತೇನೆ, ಮೊದಲು ನೋಡುವುದು ಕೆತ್ತಿದವರು ಯಾರೆಂದು. ಅಕ್ಷರದ ತಲೆಕಟ್ಟು ಕಂಡರೆ ಸಾಕು, ಅವನ ಜಾತಕ ಹೇಳಿಬಿಡಬಲ್ಲೆ. ತಲೆಕಟ್ಟು ಮನೆಯ ಸೂರಿನಂತೆ ಉದ್ದಕ್ಕೆ ಚಾಚಿದ್ದರೆ ಅವನು ಹಳೆಯ ಕೈ, ಗುರುವಿನ ಮುಂದೆ ಕೂತು ಮರಳಿನಲ್ಲಿ ಬರೆದು ಕಲಿತವನು. ಗಿಣಿಯ ಕೊಕ್ಕಿನಂತೆ ಮೇಲಕ್ಕೆ ಚಿಮ್ಮಿದ್ದರೆ ತೆಲುಗು ಓದಿದವನು. ಕನ್ನಡ ಕೆತ್ತಿದರೂ ಕೈ ತೆಲುಗನ್ನು ಮರೆತಿರುವುದಿಲ್ಲ. ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಇದ್ದರೆ ಅಚ್ಚಿನ ಪುಸ್ತಕ ನೋಡಿ ಬರೆದದ್ದು. ಇಂಗ್ಲಿಷ್ ಅಕ್ಷರದ ಕಾಲಿಗೆ ಕಡಗ ತೊಡಿಸಿದ ಹಾಗೆ ಅಡ್ಡಗೆರೆ ಇದ್ದರೆ ಬಿಳಿ ದೊರೆಗಳ ಕಾಲದ್ದು, ಬರಿಗಾಲಿದ್ದರೆ ಆಮೇಲಿನದು. ಇದನ್ನು ಯಾವ ಶಾಲೆಯೂ ನನಗೆ ಹೇಳಿಕೊಡಲಿಲ್ಲ. ವಕ್ಕಲೇರಿಯ ನಮ್ಮ ಮನೆಯಲ್ಲಿ ನನ್ನ ಎಂಟನೆಯ ವಯಸ್ಸಿನ ಒಂದು ವರ್ಷ ಹೇಳಿಕೊಟ್ಟಿತು. ಆ ವರ್ಷವೆಲ್ಲ ನಾವು ಮೂವರು, ಅಪ್ಪ, ಅಮ್ಮ, ನಾನು, ಉಸಿರನ್ನು ಅರ್ಧಕ್ಕೇ ಹಿಡಿದುಕೊಂಡು ಬದುಕಿದೆವು.

ನಮ್ಮದು ಒಂದೇ ಮನೆ, ಎರಡು ಒಲೆ. ನಡುಮನೆಗೆ ಅಡ್ಡವಾಗಿ ಮಣ್ಣಿನ ಗೋಡೆ ಎಬ್ಬಿಸಿ ಆ ಕಡೆ ಚಿಕ್ಕಪ್ಪ ಮುನಿಯಾಚಾರಿ, ಈ ಕಡೆ ನಾವು. ಗೋಡೆ ಸೂರಿಗೆ ಮುಟ್ಟುತ್ತಿರಲಿಲ್ಲ. ಅವರ ಒಗ್ಗರಣೆಗೆ ನಾವು ಸೀನುತ್ತಿದ್ದೆವು, ನಮ್ಮ ಜಗಳಕ್ಕೆ ಅವರು ಕೆಮ್ಮುತ್ತಿದ್ದರು. ಅಂಗಳ ಇಬ್ಬರದೂ. ಹೊಂಗೆಮರದ ಕೆಳಗೆ ಚಿಕ್ಕಪ್ಪ ಒರಳು, ಬೀಸುವ ಕಲ್ಲು ಕಡಿಯುತ್ತಿದ್ದರು. ಅದರ ಪಕ್ಕದಲ್ಲೇ ಅಪ್ಪ ಸಮಾಧಿ ಕಲ್ಲಿಗೆ ಅಕ್ಷರ ಕೆತ್ತುತ್ತಿದ್ದರು. ಮೂಲೆಯಲ್ಲಿ ಸಣ್ಣ ಕುಲುಮೆ. ಇಬ್ಬರ ಉಳಿಗಳನ್ನೂ ಕಾಯಿಸಿ ಬಡಿದು ಮೊನೆ ಮಾಡುವ ಕೆಲಸ ಚಿಕ್ಕಪ್ಪನದು. ನಮ್ಮ ಕುಲದಲ್ಲಿ ಅಕ್ಷರದ ಉಳಿ ಯಾರ ಕೈಯಲ್ಲಿರುತ್ತದೋ ಅವರೇ ಮನೆಗೆ ಯಜಮಾನ. ಆಯುಧಪೂಜೆಯ ದಿನ ನೆಂಟರೆಲ್ಲ ಕೂತಿರುವಾಗ ಯಜಮಾನ ಹೊಸ ಕಲ್ಲಿನ ಮೇಲೆ ಶ್ರೀಕಾರ ಕೆತ್ತಬೇಕು. ಕೆತ್ತಲಾಗದಿದ್ದರೆ ಅಲ್ಲೇ, ಆಗಲೇ, ಉಳಿಯನ್ನು ತಮ್ಮನ ಕೈಗೆ ಕೊಟ್ಟು ಹಿಂದೆ ಸರಿದು ಕೂರಬೇಕು. ಆಮೇಲೆ ಒಲೆ ಒಂದೇ. ಉಳಿ ಕೊಟ್ಟವನ ಹೆಂಡತಿ ಉಳಿ ತೆಗೆದುಕೊಂಡವನ ಹೆಂಡತಿಯ ಒಲೆಗೆ ಸೌದೆ ಒಟ್ಟಬೇಕು. ಅಮ್ಮನಿಗೆ ಬೇರೆ ಯಾವ ದೇವರ ಭಯವೂ ಇರಲಿಲ್ಲ, ಈ ಒಂದು ದಿನದ ಭಯವಿತ್ತು.

ಅಪ್ಪನ ಎಡಗಣ್ಣು ನಾನು ಹುಟ್ಟುವ ಮೊದಲೇ ಕಲ್ಲಿನ ಚಕ್ಕೆ ಸಿಡಿದು ಹೋಗಿತ್ತು. ಒಂದು ಕಣ್ಣಿನವರು ಎಂದು ನಮಗೆ ಅನ್ನಿಸುತ್ತಲೇ ಇರಲಿಲ್ಲ, ಅಷ್ಟು ಚೂಪು ಆ ಇನ್ನೊಂದು ಕಣ್ಣು. ಆ ಸಂಕ್ರಾಂತಿ ಕಳೆದ ಮೇಲೆ ಅದೂ ಕೆಂಪಾಗಿ ಉರಿಯಿತು. ಅಮ್ಮ ನಂದಿಬಟ್ಟಲ ಹೂವಿನ ರಸ ಹಿಂಡಿದಳು, ಬಟ್ಟೆ ಕಟ್ಟಿದಳು. ಉರಿ ಹೋಯಿತು, ಕರಿಯ ಪಾಪೆಯ ಮೇಲೆ ಬಿಳಿಯದೊಂದು ಪೊರೆ ಉಳಿಯಿತು. ಬಿಸಿಲು ಯಾವುದು, ನೆರಳು ಯಾವುದು ಎಂದು ತಿಳಿಯುತ್ತಿತ್ತು, ಅಷ್ಟೇ. ಒಂದು ಮಧ್ಯಾಹ್ನ ಅಪ್ಪ ನನ್ನನ್ನು ಕೊಟ್ಟಿಗೆಗೆ ಕರೆದು ಮೆಲ್ಲಗೆ ಕೇಳಿದರು:

"ಕಾಳೀ, ನಿಂಗೆ ಎಷ್ಟು ಅಕ್ಷರ ಬರುತ್ತಮ್ಮಾ?"

"ಎಲ್ಲಾ ಬರುತ್ತಪ್ಪ. ಒತ್ತಕ್ಷರಾನೂ ಬರುತ್ತೆ."

"ದೊಡ್ಡದಾಗಿ ಬರಿಯೋಕೆ? ನನ್ನ ಗೇಣಗಲ?"

"ಬಾಲಬೋಧೆ ಪುಸ್ತಕದಾಗೆ ದೊಡ್ಡಕ್ಷರ ಐತೆ. ನೋಡ್ಕೊಂಡು ಬರೀತೀನಿ."

ಅಪ್ಪ ಮೊದಲೆಲ್ಲ ಜಾಜಿನ ಕೆಮ್ಮಣ್ಣು ಕಲಸಿ ಅದರಲ್ಲಿ ಕುಂಚ ಅದ್ದಿ ಕಲ್ಲಿನ ಮೇಲೆ ಬರೆದುಕೊಂಡು ಆಮೇಲೆ ಕೆತ್ತುತ್ತಿದ್ದರು. ಕೆಂಪು ಬಣ್ಣ ಬೆರಳಿಗೆ ತಿಳಿಯುವುದಿಲ್ಲ. ಹಾಗಾಗಿ ನಾನು ಜಾಜಿನಲ್ಲಿ ಬರೆದು, ಅದರ ಮೇಲೆ ಚೂಪಾದ ಕಬ್ಬಿಣದ ಮೊಳೆಯಿಂದ ಗೀರಬೇಕು. ಆ ಗೀರನ್ನು ಅಪ್ಪ ಎಡಗೈ ಹೆಬ್ಬೆರಳಿನಿಂದ ತಡವಿ ಉಳಿ ಇಡಬೇಕು. ಇದು ನಮ್ಮ ಏರ್ಪಾಟು. ಬಿಸಿಲಿಗೆ ಕಣ್ಣು ನೋಯುತ್ತದೆ ಎಂದು ಹೇಳಿ ಅಪ್ಪ ಹೊಂಗೆಮರ ಬಿಟ್ಟು ಕೊಟ್ಟಿಗೆಗೆ ಬಂದರು. ಶಾಲೆ ಬಿಟ್ಟವಳೇ ನಾನು ಕೊಟ್ಟಿಗೆ ಸೇರಿ ಬಾಗಿಲು ಮುಂದೆ ಮಾಡುತ್ತಿದ್ದೆ. ಪುಸ್ತಕದ ಮೊದಲ ಹಾಳೆಯಲ್ಲಿ ಮಾತ್ರ ದೊಡ್ಡ ಅಕ್ಷರಗಳಿದ್ದವು, ಒಂದೊಂದಕ್ಕೂ ಒಂದೊಂದು ಚೌಕ. ಅದನ್ನು ಕಲ್ಲಿಗೆ ಒರಗಿಸಿಟ್ಟು ಗೀರುತ್ತಿದ್ದೆ. ಅಲ್ಲಿ ರಕಾರದ ಹೊಟ್ಟೆಯ ಬಲಗಡೆ, ಕೆಳಗೆ, ರಾಗಿಕಾಳು ಹಿಡಿಸುವಷ್ಟು ಬಿರುಕು. ಒಳಗಿನ ಹಾಳೆಗಳ ಸಣ್ಣ ರಕಾರ ತುಂಬು ಹೊಟ್ಟೆಯದೇ. ದೊಡ್ಡದಾಗಿ ಬರೆದರೆ ಹೀಗೆ ಬಿಡಬೇಕು ಎಂದು ನಾನೇ ತೀರ್ಮಾನ ಮಾಡಿದೆ. ಪುಸ್ತಕದಲ್ಲಿನ ರಾಗಿಕಾಳು ಕಲ್ಲಿಗೆ ಬರುವಾಗ ಹುಣಸೆಬೀಜವಾಯಿತು. ಮೊದಲನೆಯ ಕಲ್ಲಿನಲ್ಲೇ ಅಪ್ಪನ ಹೆಬ್ಬೆರಳು ಅಲ್ಲಿ ನಿಂತಿತು.

"ಇಲ್ಯಾಕಮ್ಮ ಗೆರೆ ನಿಂತೋಯ್ತು?"

"ಅಚ್ಚಲ್ಲಿ ಹಂಗೇ ಐತಪ್ಪ."

ಅಪ್ಪ ಗೆರೆಯ ಎರಡು ತುದಿಯನ್ನೂ ಇನ್ನೊಮ್ಮೆ ತಡವಿದರು. ಅವರು ಕಲಿತದ್ದು ಮರಳಿನಲ್ಲಿ. ಅಚ್ಚಿನಲ್ಲಿ ಬಂದದ್ದು ಎಂದರೆ ಅವರಿಗೆ ಸರ್ಕಾರದ ಮಾತು, ಎದುರಾಡುವಂತಿಲ್ಲ. "ಹೊಸಾ ಕಾಲ್ದ ಅಕ್ಷರ ಇರ್ಬೇಕು" ಎಂದು ಬಿರುಕನ್ನು ಬಿರುಕಾಗಿಯೇ ಬಿಟ್ಟು ಕೆತ್ತಿದರು. ಮೂವತ್ತು ವರ್ಷ ಕಾಲ ತುಂಬು ಹೊಟ್ಟೆಯ ರಕಾರ ಕೆತ್ತಿದ ಕೈ, ಎಂಟು ವರ್ಷದ ಹುಡುಗಿಯ ಮಾತಿಗೆ ತಲೆಬಾಗಿತು.

ಕಷ್ಟ ಬಂದದ್ದು ಸದ್ದಿನಿಂದ. ಮೊದಲು ಅಪ್ಪನ ಸುತ್ತಿಗೆ ನಿಲ್ಲದೆ ನಡೆಯುತ್ತಿತ್ತು. ಈಗ ಒಂದು ಏಟು, ತಡವುವಷ್ಟು ಹೊತ್ತು ಮೌನ, ಮತ್ತೆ ಒಂದು ಏಟು. ಕಲ್ಲಿನವರ ಮನೆಯಲ್ಲಿ ಆ ಮೌನಕ್ಕೆ ಅರ್ಥ ಹೇಳುವವರು ಬೇಕಿಲ್ಲ. ಅಮ್ಮ ಅದಕ್ಕೊಂದು ಉಪಾಯ ಕಂಡುಕೊಂಡಳು. ಅಪ್ಪ ಉಳಿ ಹಿಡಿದರೆ ಅವಳು ಒನಕೆ ಹಿಡಿಯುತ್ತಿದ್ದಳು. ಮೆಣಸಿನಕಾಯಿ, ಮೆಣಸಿನಕಾಯಿ ಇಲ್ಲದಿದ್ದರೆ ರಾಗಿ, ರಾಗಿಯೂ ಇಲ್ಲದಿದ್ದರೆ ಬರೀ ಒರಳು. ಆ ವರ್ಷ ನಮ್ಮ ಮನೆಯ ಸಾರು ತಿಂದು ನನ್ನ ನಾಲಿಗೆ ಸುಟ್ಟುಹೋಗಿತ್ತು. ಊಟಕ್ಕೆ ಕೂತಾಗ ಅಪ್ಪನ ತಟ್ಟೆಯಲ್ಲಿ ಮುದ್ದೆ ಯಾವಾಗಲೂ ಎಡಕ್ಕೆ, ಸಾರು ಬಲಕ್ಕೆ, ಉಪ್ಪು ಎದುರಿಗೆ; ಒಂದು ಬೆರಳು ಆಚೀಚೆಯಾಗುವಂತಿರಲಿಲ್ಲ. ತಾತನ ತಿಥಿಗೆ ಚಿಕ್ಕಪ್ಪನ ಕಡೆ ಊಟವಾಯಿತು. ಚಿಕ್ಕಮ್ಮ ಪಾಪ, ಏನೂ ತಿಳಿಯದೆ, ಪಾಯಸದ ದೊನ್ನೆಯನ್ನು ಬಲಗಡೆ ಇಟ್ಟಳು. ಅಪ್ಪ ಮುದ್ದೆ ಮುರಿದು ನೇರವಾಗಿ ಪಾಯಸಕ್ಕೆ ಅದ್ದಿ ಬಾಯಿಗಿಟ್ಟರು. ಎಲ್ಲರ ಕೈಯೂ ನಿಂತಿತು. ಅಪ್ಪ ನುಂಗಿದರು, ಇನ್ನೊಂದು ತುತ್ತು ಮುರಿದು ಮತ್ತೆ ಪಾಯಸಕ್ಕೇ ಅದ್ದಿದರು.

"ನಮ್ಮಪ್ಪಂಗೆ ಹಿಂಗೇ ಇಷ್ಟ ಇತ್ತು. ಅವನ ತಿಥಿ ಅಲ್ವಾ" ಎಂದರು.

ಚಿಕ್ಕಪ್ಪ ಅಣ್ಣನ ಮುಖವನ್ನೇ ನೋಡುತ್ತಿದ್ದರು. ಅಮ್ಮ ಆ ನೋಟವನ್ನು ಕಂಡು ಮನೆಗೆ ಬಂದ ಮೇಲೆ ಗೋಡೆಗೆ ಕೇಳಿಸದ ಹಾಗೆ ತೆಲುಗಿನಲ್ಲಿ ಬೈದಳು; ಕೋಪ ನೆತ್ತಿಗೇರಿದಾಗ ಅವಳಿಗೆ ತವರಿನ ಮಾತೇ ಬರುತ್ತಿದ್ದುದು. ಮೈದುನ ಹದ್ದಿನ ಹಾಗೆ ಸುತ್ತುತ್ತಿದ್ದಾನೆ, ಹಬ್ಬಕ್ಕೆ ಕಾಯುತ್ತಿದ್ದಾನೆ ಎಂದಳು. ನನಗೂ ಹಾಗೇ ಅನ್ನಿಸಿತು. ಯಾಕೆಂದರೆ ಚಿಕ್ಕಪ್ಪ ದಿನಕ್ಕೊಮ್ಮೆ ಕೊಟ್ಟಿಗೆಯ ಹೊರಗೆ ನಿಂತು ಕೇಳುತ್ತಿದ್ದರು, "ಅಣ್ಣ, ಕಣ್ಣು ಎಂಗೈತೆ?" "ಚೆನ್ನಾಗೈತೆ ಕಣೋ" ಎಂದು ಒಳಗಿನಿಂದ ಅಪ್ಪ. "ಹಬ್ಬದ್ ಹೊತ್ಗೆ ಸರಿ ಓಗುತ್ತಲ್ಲ?" ಎಂದು ಮತ್ತೆ ಚಿಕ್ಕಪ್ಪ. ಆ ಎರಡನೆಯ ಪ್ರಶ್ನೆ ಕೇಳಿದರೆ ನಾನು ಗೀರುವುದನ್ನು ಬಿಟ್ಟು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದೆ.

ಮಳೆ ಕಡಿಮೆಯಾದ ಮೇಲೆ ಕೋಲಾರದಿಂದ, ಯುದ್ಧದ ಕಾಲದ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸಿನಲ್ಲಿ, ಯೇಸುದಾಸಯ್ಯ ಎಂಬವರು ಬಂದರು. ಅಲ್ಲಿನ ಒಂದು ಅಚ್ಚುಕೂಟದಲ್ಲಿ ಮೊಳೆ, ಅಂದರೆ ಸೀಸದ ಅಚ್ಚಕ್ಷರ, ಜೋಡಿಸುವ ಕೆಲಸ ಅವರದು. ಬೆರಳುಗಳ ಸಂದಿನಲ್ಲೆಲ್ಲ ತೊಳೆದರೂ ಹೋಗದ ಮಸಿ. ಹೆಂಡತಿ ತೀರಿಕೊಂಡಿದ್ದರು, ಗೋರಿಗೆ ಕಲ್ಲು ಬೇಕಾಗಿತ್ತು. ಬರೆದು ತಂದ ಚೀಟಿಯನ್ನು ಅಪ್ಪನ ಕೈಗಿತ್ತರು. ಚಿಕ್ಕಪ್ಪ ಕುಲುಮೆಯ ಹತ್ತಿರ ತಿದಿ ಒತ್ತುತ್ತಿದ್ದರು. ಅಪ್ಪ ಚೀಟಿಯನ್ನು ಕಣ್ಣಿನ ಮುಂದೆ ಹಿಡಿದರು. ತಲೆಕೆಳಗಾಗಿ. ನಾನು ಓಡಿಹೋಗಿ ಕಿತ್ತುಕೊಂಡೆ.

"ನಾನ್ ಓದ್ತೀನಪ್ಪಾ, ನಾನ್ ಓದ್ತೀನಿ!"

"ನೋಡಿ ಸ್ವಾಮಿ, ಇವಳ ಅವತಾರ" ಎಂದು ಅಪ್ಪ ನಕ್ಕರು. "ಮೂರನೇ ಕ್ಲಾಸು. ಚೀಟಿ ಕಂಡ್ರೆ ಬಿಡಲ್ಲ. ಓದವ್ವ, ಕೇಳಾನ."

ಓದಿದೆ. ಮೂರೇ ಸಾಲು. ಮರಿಯಮ್ಮ. ಯೇಸುದಾಸಯ್ಯನವರ ಹೆಂಡತಿ. ಕರ್ತನಲ್ಲಿ ನಿದ್ರೆಹೋದರು. ಓದುವಾಗ ಆ ಮನುಷ್ಯ ಹೆಗಲ ವಸ್ತ್ರದಿಂದ ಮುಖ ಒತ್ತಿಕೊಂಡರು. ಆ ಕಲ್ಲಿಗೆ ನಾನು ಜೀವ ಇಟ್ಟು ಗೀರಿದೆ. ಸಾಲಿಗೊಂದರಂತೆ ಮೂರು ರಕಾರ ಬಂದವು. ಮೂರಕ್ಕೂ ಬಲಗಡೆ, ಕೆಳಗೆ, ಚೊಕ್ಕವಾಗಿ ಬಿರುಕು ಬಿಟ್ಟೆ.

ಆಯುಧಪೂಜೆಗೆ ಒಂದು ವಾರವಿದ್ದಾಗ ಯೇಸುದಾಸಯ್ಯ ಕಲ್ಲು ನೋಡಲು ಬಂದರು. ಕೊಟ್ಟಿಗೆಯ ಕತ್ತಲಲ್ಲಿ ಕಾಣಿಸುವುದಿಲ್ಲ, ಬೆಳಕಿಗೆ ತನ್ನಿ ಎಂದರು. ಚಿಕ್ಕಪ್ಪನೂ ಅವರೂ ಸೇರಿ ಹೊತ್ತು ತಂದು ಹೊಂಗೆಮರಕ್ಕೆ ಒರಗಿಸಿದರು. ಊರೆಲ್ಲ ಕಲ್ಲನ್ನು ಓದುತ್ತದೆ, ಅವರು ಓದಲಿಲ್ಲ. ಕನ್ನಡಕ ಹಾಕಿಕೊಂಡು, ತಲೆ ಓರೆ ಮಾಡಿ, ಒಂದೊಂದು ಅಕ್ಷರವನ್ನೂ ಬೇರೆಬೇರೆಯಾಗಿ, ಗೂಡಿನಿಂದ ಮೊಳೆ ಆಯುವವರ ಹಾಗೆ ನೋಡಿದರು. ಕೊನೆಯ ಸಾಲಿನ ಹತ್ತಿರ ಅವರ ಮಸಿ ಬೆರಳು ನಿಂತಿತು. ಮೇಲಿನ ಸಾಲಿಗೆ ಹೋಯಿತು, ಅಲ್ಲಿಯೂ ನಿಂತಿತು.

"ಆಚಾರ್ರೇ, ಈ ಅಕ್ಷರ ಬರ್ದಿದ್ದು ಯಾರು?"

"ನಾನೇ."

"ನಿಮ್ ಕೈ ನಂಗೆ ಗೊತ್ತು. ನಮ್ಮಪ್ಪನ ಕಲ್ಲು ಕೆತ್ತಿದ್ದೂ ನೀವೇ. ಅದ್ರಲ್ಲಿ ತಲೆಕಟ್ಟು ಉದ್ದ ಇತ್ತು. ಇದು ನಮ್ ಅಚ್ಚುಕೂಟದ ಅಕ್ಷರ."

"ಕಾಲ ಬದ್ಲಾಯ್ತಲ್ಲ ಸ್ವಾಮಿ."

"ಆಗ್ಲಿ. ರಕಾರದ ಹೊಟ್ಟೆ ಯಾಕ್ ಒಡ್ದೀರಿ?"

"ಅಚ್ಚಲ್ಲಿ ಹಂಗೇ ಐತಲ್ಲ" ಎಂದರು ಅಪ್ಪ.

"ಅಚ್ಚಲ್ಲಿ ಹಂಗಿರೋದು ನನ್ ತಪ್ಪಿಗೆ! ಆ ದೊಡ್ಡ ಮೊಳೆ ನನ್ ಕೈಜಾರಿ ಚಪ್ಪಡಿ ಮೇಲೆ ಬಿದ್ದು ಮುಕ್ಕಾಯ್ತು. ಯುದ್ಧದ ಕಾಲ, ಬೇರೆ ಮೊಳೆ ಸಿಗ್ಲಿಲ್ಲ, ಅದ್ರಲ್ಲೇ ಬಾಲಬೋಧೆ ಒತ್ತಿದ್ವಿ. ಮಕ್ಕಳಿಗೆ ತಿಳೀದೆ ಇರ್ಬೋದು. ಇಷ್ಟು ವರ್ಷ ಅಕ್ಷರ ಕೆತ್ತಿದೋರಿಗೆ ತಿಳೀಲಿಲ್ವಾ?"

ಒನಕೆಯ ಸದ್ದು ನಿಂತಿತು. ಮುಕ್ಕಾದ ಒಂದು ಅಕ್ಷರವನ್ನು ನಂಬಿ ನಾನು ನಮ್ಮ ಒಲೆಗೆ ನೀರು ಸುರಿದೆ ಎಂದುಕೊಂಡೆ. ಯೇಸುದಾಸಯ್ಯ ಕನ್ನಡಕ ತೆಗೆದು ಒರೆಸಿಕೊಂಡರು. ಬಿರುಕು ಎಂದರೆ ಕೆತ್ತದೆ ಬಿಟ್ಟ ಕಲ್ಲು ತಾನೇ, ಕೆತ್ತಿದರೆ ಮುಚ್ಚುತ್ತದೆ, ಈಗಲೇ ನನ್ನ ಎದುರಿಗೇ ಮುಚ್ಚಿಕೊಡಿ, ಕೆಳಗಿನ ಸಾಲಿನಿಂದ ಶುರು ಮಾಡಿ ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅಲ್ಲಿ ನನ್ನ ಗೀರು ಇರಲಿಲ್ಲ, ಕತ್ತಲಿನ ಕೊಟ್ಟಿಗೆ ಇರಲಿಲ್ಲ. ಎದುರಿಗೆ, ಕುಲುಮೆಯ ಹತ್ತಿರ, ಚಿಕ್ಕಪ್ಪ ಇದ್ದರು.

ಅಪ್ಪ ಕಲ್ಲಿನ ಮುಂದೆ ಕೂತರು. ಎಡಗೈ ಹೆಬ್ಬೆರಳಿನಿಂದ ಕೊನೆಯ ಸಾಲಿನ ರಕಾರದ ಕೆತ್ತಿದ ಗೆರೆಯನ್ನು ಸುತ್ತಿದರು, ಗೆರೆ ಮುಗಿಯುವ ಕಡೆ ಉಗುರು ಊರಿದರು, ಉಗುರಿನ ಬೆನ್ನಿಗೆ ಉಳಿ ತಂದರು. ನಾಲ್ಕು ಸಣ್ಣ ಏಟು. ಬಾಯಲ್ಲಿ ಊದಿ ತಡವಿದರು. ಮುಚ್ಚಿತ್ತು. ಅಮ್ಮ ಬಾಗಿಲಲ್ಲಿ ಬಂದು ನಿಂತಿದ್ದಳು, ಸೆರಗಿನ ತುದಿ ಬಾಯಲ್ಲಿ. ನಡುವಿನ ಸಾಲಿಗೆ ಬಂದರು. ಅಲ್ಲಿಯೂ ಉಗುರು ಊರಿದರು, ಆದರೆ ಬೆವರಿಗೆ ಉಳಿ ಜಾರಿತು. ಸುತ್ತಿಗೆ ಹೆಬ್ಬೆರಳಿನ ಮೇಲೆ ಬಿತ್ತು. ಅಪ್ಪ ಕೂಗಲಿಲ್ಲ. ರಕ್ತ ಕಲ್ಲಿನ ಮೇಲೆ ಇಳಿಯಿತು. ಕಣ್ಣಿರುವ ಯಾರೇ ಆಗಲಿ ತನ್ನ ಪೆಟ್ಟಾದ ಬೆರಳನ್ನು ನೋಡಿಕೊಳ್ಳುತ್ತಾನೆ. ಅಪ್ಪ ಮಾತ್ರ ಮರದ ಕಡೆಗೆ ಮುಖ ಮಾಡಿಕೊಂಡು, ಬೆರಳನ್ನು ಇನ್ನೆಲ್ಲೋ ಚಾಚಿ, ಸುಮ್ಮನೆ ಕೂತಿದ್ದರು. ಅಂಗಳದಲ್ಲಿದ್ದ ಎಲ್ಲರಿಗೂ ಆಗ ತಿಳಿಯಿತು. ಚಿಕ್ಕಪ್ಪ ಕುಲುಮೆ ಬಿಟ್ಟು ಎದ್ದು ಬಂದು ಕೈ ಚಾಚಿದರು.

"ಅಣ್ಣಾ, ಉಳಿ ಕೊಡು."

"ಹಬ್ಬ ಇನ್ನೂ ಬಂದಿಲ್ಲ ಮುನಿಯಾ!" ಅಮ್ಮ ಬಾಗಿಲಿನಿಂದಲೇ ಕಿರುಚಿದಳು. "ಅಷ್ಟ್ರೊಳ್ಗೇ ಕೈ ಚಾಚ್ತೀಯಾ? ಒಂದ್ ವಾರ ತಡ್ಕೊಳಕಾಗಲ್ವಾ?"

ಚಿಕ್ಕಪ್ಪ ಅವಳ ಕಡೆ ತಿರುಗಿದರು. ಅವರ ಮುಖ ಅಳುವ ಮಕ್ಕಳ ಮುಖದಂತಾಗಿತ್ತು.

"ಯಾರಿಗ್ ಬೇಕಿತ್ತು ಅತ್ತಿಗೆ ಈ ಉಳಿ? ಯುಗಾದಿಯಿಂದ ನಂಗೆ ಗೊತ್ತು. ಮೊನೆ ಮಾಡೋನು ನಾನು. ಉಳಿ ಎಲ್ಲಾ ಒಂದೇ ಮೂಲೇಲಿ ಸವೀತಿದ್ವು, ಕಣ್ ಕಾಣೋನ ಉಳಿ ಹಂಗ್ ಸವೆಯಲ್ಲ. ಬಾಯ್ ಬಿಟ್ನಾ? ಬಿಟ್ರೆ ಹಬ್ಬದ ದಿನ ನನ್ ಕೈಗ್ ಬರುತ್ತಲ್ಲ! ನೆಂಟರ ಮುಂದೆ ನಾನ್ ಏನ್ ಕೆತ್ಲಿ? ನನ್ ಹೆಸ್ರು ಬರಿಯೋಕೂ ನಂಗ್ ಬರಲ್ಲ. ರಾತ್ರಿ ಎಲ್ಲಾ ಮುನೇಶ್ವರಂಗೆ ಕೈ ಮುಗೀತೀನಿ, ಅಣ್ಣನ ಕಣ್ಣು ಸರಿ ಮಾಡಪ್ಪ, ನನ್ ಮಾನ ಉಳ್ಸಪ್ಪ ಅಂತ."

ಅಮ್ಮನ ಸೆರಗು ಬಾಯಿಂದ ಜಾರಿತು. ಇಷ್ಟು ತಿಂಗಳು ಅವಳು ಈ ಕಡೆ ಒನಕೆ ಹಿಡಿದು ಯಾವ ದಿನಕ್ಕೆ ಹೆದರಿದ್ದಳೋ, ಅದೇ ದಿನಕ್ಕೆ ಆ ಕಡೆ ಚಿಕ್ಕಪ್ಪನೂ ಹೆದರಿ ನಿದ್ದೆಗೆಟ್ಟಿದ್ದರು. ಅಪ್ಪ ಮೊದಲು ನಗಲು ಹೋದರು, ಆಗಲಿಲ್ಲ.

"ಲೇ ಮುನಿಯಾ, ನೀನೂ ಹೆದ್ರಿದ್ಯೇನ್ಲಾ?" ಎಂದರು. ಆಮೇಲೆ ಉಳಿಯನ್ನು ಗಾಳಿಯಲ್ಲಿ ಚಾಚಿದರು. ಚಿಕ್ಕಪ್ಪ ಅದನ್ನು ಹಿಡಿದುಕೊಂಡರು, ಅಣ್ಣನ ರಕ್ತದ ಹೆಬ್ಬೆರಳನ್ನು ಪಂಚೆಯ ಅಂಚಿನಿಂದ ಒತ್ತಿ, ನನ್ನನ್ನು ಕೂಗಿದರು:

"ಕಾಳೀ, ಎಲ್ಲಿಂದ ಎಲ್ಲಿಗಮ್ಮ? ತೋರ್ಸು. ನಂಗೆ ತಿಳಿಯಲ್ಲ."

ನಾನು ಹೋಗಿ ಬೆರಳಿಟ್ಟು ತೋರಿಸಿದೆ. ಒರಳು ಕಡಿಯುವ ಆ ದಪ್ಪ ಕೈ ಉಸಿರು ಬಿಗಿಹಿಡಿದು ಆ ಸಣ್ಣ ಬಿರುಕನ್ನು ಮುಚ್ಚಿತು. ಯೇಸುದಾಸಯ್ಯ ಹತ್ತಿರ ಬಂದರು. ನನ್ನ ಕೈ ಹಿಡಿದು ತಿರುಗಿಸಿ ನೋಡಿದರು. ಅವರ ಬೆರಳ ಸಂದಿನಲ್ಲಿ ಮಸಿ ಇದ್ದಂತೆ ನನ್ನ ಉಗುರಿನ ಸಂದಿನಲ್ಲಿ ಜಾಜು. ಬರೆದದ್ದು ಯಾರೆಂದು ಅವರು ಮತ್ತೆ ಕೇಳಲಿಲ್ಲ. ಚಿಕ್ಕಪ್ಪ ಮೇಲಿನ ಸಾಲಿಗೆ, ಮರಿಯಮ್ಮ ಎಂಬಲ್ಲಿಗೆ, ಉಳಿ ತಂದಾಗ ಅವರು ಅಡ್ಡ ಕೈ ಇಟ್ಟರು.

"ಅದೊಂದು ಹಂಗೇ ಇರ್ಲಿ, ಬಿಡಪ್ಪ. ಊರೋರ್ ಹೆಸ್ರೆಲ್ಲ ಅಚ್ಚು ಹಾಕ್ತೀಯ, ಒಂದಿನಾ ನನ್ ಹೆಸ್ರು ಹಾಕ್ಲಿಲ್ಲ ಅಂತ ಸಾಯೋಗಂಟ ಅಂತಿದ್ಲು. ಒಂದಕ್ಷರ ಆದ್ರೂ ನನ್ ಮೊಳೇದು ಇರ್ಲಿ ಅವಳ ಹೆಸ್ರಲ್ಲಿ."

ಹೇಳಿ ಅವರು ಕಲ್ಲಿಗೆ ಹಣೆ ಒತ್ತಿಕೊಂಡು ಅತ್ತರು. ಅಮ್ಮ ಒಳಗೆ ಹೋಗಿ ಮಜ್ಜಿಗೆ ತಂದಳು, ಎರಡು ಚೊಂಬು; ಒಂದನ್ನು ಅವರಿಗೆ ಕೊಟ್ಟು ಇನ್ನೊಂದನ್ನು ಚಿಕ್ಕಪ್ಪನ ಮುಂದೆ ಇಟ್ಟಳು. ಕ್ಷಮಿಸು ಎನ್ನುವ ಮಾತು ನಮ್ಮ ಮನೆಗಳಲ್ಲಿ ಇರಲಿಲ್ಲ, ಮಜ್ಜಿಗೆ ಇತ್ತು.

ಆಯುಧಪೂಜೆಯ ದಿನ ಅಪ್ಪ ನೆಂಟರ ಎದುರು ಉಳಿಯನ್ನು ಚಿಕ್ಕಪ್ಪನ ಕೈಗೂ ಜಾಜಿನ ಬಟ್ಟಲನ್ನು ನನ್ನ ಕೈಗೂ ಕೊಟ್ಟರು. ಹೆಣ್ಣುಮಗುವಿನ ಕೈಗಾ ಎಂದು ಒಬ್ಬ ಹಿರಿಯರು ಗೊಣಗಿದರು; ಹಾಗಾದರೆ ನೀವೇ ಬಂದು ಬರೆಯಿರಿ ಎಂದರು ಅಪ್ಪ. ಅವರು ಎದ್ದು ಬರಲಿಲ್ಲ. ಶ್ರೀಕಾರ ನಾನು ಬರೆದೆ, ಚಿಕ್ಕಪ್ಪ ಕೆತ್ತಿದರು. ಅಕ್ಷರ ನಮ್ಮ ಕಡೆ, ಉಳಿ ಅವರ ಕಡೆ ಆದ್ದರಿಂದ ಒಲೆ ಎರಡಾಗಿಯೇ ಉಳಿಯಿತು, ಆದರೆ ಅಂದಿನಿಂದ ಸಾರಿನ ಪಾತ್ರೆ ಗೋಡೆಯ ಮೇಲಿನಿಂದ ಆಚೀಚೆ ಹೋಗತೊಡಗಿತು. ಅಮ್ಮ ಮೆಣಸಿನಕಾಯಿ ಕುಟ್ಟುವುದನ್ನು ಬಿಟ್ಟಳು. ಅಪ್ಪ ತಮ್ಮ ಹಳೆಯ ತಲೆಕಟ್ಟನ್ನು ನನ್ನ ಅಂಗೈಯಲ್ಲಿ ಬೆರಳಿನಿಂದ ಬರೆದು ಬರೆದು ಕಲಿಸಿದರು. ನನ್ನ ಅಕ್ಷರ ಅದರಿಂದ ಅರ್ಧ ಮರಳಿನದು, ಅರ್ಧ ಅಚ್ಚಿನದು. ತಿಳಿದವರು ಈಗಲೂ ಗುರುತು ಹಿಡಿಯಬಹುದು.

ಎಷ್ಟೋ ವರ್ಷಗಳಾದ ಮೇಲೆ ಯೇಸುದಾಸಯ್ಯನವರೂ ಹೋದರು. ಮಗ ನಮ್ಮನ್ನೇ ಹುಡುಕಿಕೊಂಡು ಬಂದ. ಅವರ ಹೆಸರಿನಲ್ಲಿ ರಕಾರವಿಲ್ಲ. ನಾನು ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಮರಿಯಮ್ಮನವರ ಗಂಡ. ಅವಳ ಹೆಸರು ಈ ಕಲ್ಲಿನಲ್ಲಿ ಇಡಿಯಾಗಿರಲಿ ಎಂದು ಮೊದಲನೆಯ ರಕಾರವನ್ನು ತುಂಬಿಸಿ ಬರೆದೆ. ಎರಡನೆಯದಕ್ಕೆ, ಅವರ ಮೊಳೆಯ ಗುರುತಾಗಿ, ಬಲಗಡೆ, ಕೆಳಗೆ, ಹುಣಸೆಬೀಜದಷ್ಟು ಜಾಗ ಬಿಟ್ಟೆ. ಚಿಕ್ಕಪ್ಪನಿಗೆ ಆಗ ಓದಲು ಬರುತ್ತಿತ್ತು. ಅಲ್ಲಿಗೆ ಬಂದಾಗ ನನ್ನ ಮುಖ ನೋಡಿ, ಉಳಿ ಎತ್ತಿ ಮುಂದಿನ ಅಕ್ಷರಕ್ಕೆ ಇಟ್ಟರು. ಕಲ್ಲು ನಿಲ್ಲಿಸಿದ ದಿನ ಆ ಮಗ ಬಗ್ಗಿ ನೋಡಿದ.

"ಅಕ್ಕಾ, ಈ ಅಕ್ಷರ ಒಡ್ದೋಗಿದೆಯಲ್ಲ?"

"ಇಲ್ಲಪ್ಪ" ಎಂದೆ. "ಅಚ್ಚಲ್ಲಿ ಹಂಗೇ ಐತೆ."